ಐವತ್ತನಾಲ್ಕು ಮೆಟ್ಟಿಲು, ಒಂದು ಲೋಟ ನೀರು

ನೂರುಲ್ಲಾ ಭಾಯಿ ಹೊಟ್ಟೆ ಕರಗಿಸಿಕೊಂಡದ್ದು ನನಗೆ ಬಗೆದ ದ್ರೋಹವೆಂದೇ ನಾನು ಇವತ್ತಿಗೂ ನಂಬಿದ್ದೇನೆ.

ಸಂಜಯನಗರದ ಒಂದೇ ಕಟ್ಟಡದಲ್ಲಿ ನಾವಿಬ್ಬರೂ ಹನ್ನೆರಡು ವರ್ಷದಿಂದ ಬಾಡಿಗೆಗಿದ್ದೇವೆ. ಅವರದು ನೆಲಮಹಡಿ, ನನ್ನದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಪೊರಕೆ ಇಡುತ್ತಾರೆ. ಅವರಿಗೆ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ, ನನಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸಿನ ಉಸ್ತುವಾರಿ. ಇಬ್ಬರಿಗೂ ನಲವತ್ತಾರು ವರ್ಷ. ಇಬ್ಬರ ಹೆಣ್ಣುಮಕ್ಕಳೂ ಪಕ್ಕದ ರಸ್ತೆಯ ಶಾಲೆಯಲ್ಲಿ ಏಳನೇ ಕ್ಲಾಸು. ಇಬ್ಬರ ಹೊಟ್ಟೆಯೂ ಒಂದೇ ಅಳತೆ. ಇದು ಅಂದಾಜಿನ ಮಾತಲ್ಲ. ಎರಡು ವರ್ಷದ ಹಿಂದೆ ನಾವಿಬ್ಬರೂ ಒಟ್ಟಿಗೆ ಬೆಲ್ಟು ಕೊಂಡಾಗ ಅಂಗಡಿಯವನು ಅವರ ಸೊಂಟದ ಅಳತೆ ನೋಡಿ ಇಬ್ಬರ ಬೆಲ್ಟಿಗೂ ತೂತು ಹೊಡೆದುಕೊಟ್ಟಿದ್ದ. ಎರಡೂ ಸರಿಯಾಗಿ ಕೂತಿದ್ದವು.

ಇಂಥ ಸಮಾನತೆಯ ಮೇಲೆ ನಿಂತ ಸ್ನೇಹ ನಮ್ಮದು. ಹೋದ ವರ್ಷದ ಶಾಲೆಯ ಕ್ರೀಡಾದಿನದಲ್ಲಿ ಅದು ಶಿಖರ ಮುಟ್ಟಿತ್ತು. ಅಪ್ಪಂದಿರ ಓಟದಲ್ಲಿ ಹನ್ನೊಂದು ಮಂದಿ ಗುರಿ ಮುಟ್ಟಿ, ಚಪ್ಪಾಳೆ ನಿಂತು, ಮೈಕಿನವರು ಅಮ್ಮಂದಿರ ನಿಂಬೆಹಣ್ಣು-ಚಮಚದ ಓಟಕ್ಕೆ ಹೆಸರು ಕರೆಯುತ್ತಿದ್ದಾಗ ನಾವಿಬ್ಬರೂ ಲೋಕಾಭಿರಾಮ ಮಾತಾಡುತ್ತ ಗೆರೆ ದಾಟಿದ್ದೆವು. ಹನ್ನೆರಡನೆಯವರು ಯಾರು, ಹದಿಮೂರನೆಯವರು ಯಾರು ಎಂದು ಯಾರೂ ಕೇಳಲಿಲ್ಲ. ನನ್ನ ಮಗಳು ನಯನಾ, ಅವರ ಮಗಳು ಅಫ್ರೀನ್ ಜೊತೆಯಲ್ಲೇ ತಲೆ ತಗ್ಗಿಸಿ ನಿಂತಿದ್ದರಿಂದ ಅವಮಾನವೂ ಅರ್ಧರ್ಧ ಹಂಚಿಹೋಯಿತು.

ಈ ವರ್ಷದ ಜೂನ್‌ನಲ್ಲಿ ಆ ಮನುಷ್ಯನಿಗೆ ಏನಾಯಿತೋ. ಬೆಳಗಿನ ನಮಾಜು ಮುಗಿಸಿ ಮನೆಗೆ ಬರುವುದು ಬಿಟ್ಟು, ಮಸೀದಿಯಿಂದಲೇ ಹೆಬ್ಬಾಳ ಕೆರೆಯ ಕಡೆಗೆ ಬಿರಬಿರನೆ ನಡೆಯತೊಡಗಿದರು. ಯಾಕೆಂದು ಕೇಳಿದರೆ "ಸುಮ್ನೆ ಸಾರ್, ಗಾಳಿಗೆ" ಎಂದು ಮಾತು ತೇಲಿಸಿದರು. ಆಗಸ್ಟ್‌ಗೆ ಬೆಲ್ಟಿಗೆ ಇನ್ನೊಂದು ತೂತು ಬಿತ್ತು. ಸೆಪ್ಟೆಂಬರಿಗೆ ಮತ್ತೊಂದು. ಅಕ್ಟೋಬರಿನಲ್ಲಿ ಅವರು ಹಳೆಯ ಪ್ಯಾಂಟುಗಳನ್ನೆಲ್ಲ ಚೀಲದಲ್ಲಿ ತುಂಬಿ, ಸೊಂಟ ಹಿಡಿಸಲು ದರ್ಜಿಯ ಹತ್ತಿರ ಒಯ್ಯುತ್ತಿದ್ದುದನ್ನು ನಾನು ಬಾಲ್ಕನಿಯಿಂದ ಕಣ್ಣಾರೆ ಕಂಡೆ. ಅವತ್ತು ನನಗೆ ಉಪ್ಪಿಟ್ಟು ಸೇರಲಿಲ್ಲ. ಎರಡನೇ ಸಲ ಹಾಕಿಸಿಕೊಂಡಾಗ ಸ್ವಲ್ಪ ಸೇರಿತು.

ನನ್ನ ಹೆಂಡತಿ ಕೃಷ್ಣವೇಣಿಯೂ ಅದನ್ನು ಕಂಡಿದ್ದಳು.

"ನೂರುಲ್ಲಾ ಭಾಯಿ ಹಿಂದಿನಿಂದ ನೋಡಿದ್ರೆ ಕಾಲೇಜ್ ಹುಡುಗನ ಥರ ಕಾಣ್ತಾರೆ ಕಣ್ರೀ" ಎಂದಳು.

ಹಿಂದಿನಿಂದ ಯಾಕೆ ನೋಡಿದೆ ಎಂದು ನಾನು ಗಂಭೀರವಾಗಿ ಕೇಳಿದೆ.

"ಇನ್ನೇನ್ ಮಾಡ್ಲಿ, ಮುಂದಿನಿಂದ ನೋಡೋ ಅಷ್ಟ್ರಲ್ಲಿ ದಾಟ್ಕೊಂಡು ಹೋಗಿರ್ತಾರೆ."

ಇದನ್ನೂ ನುಂಗಿಕೊಂಡೆ. ಆದರೆ ಆ ಸಂಜೆ ನಯನಾ ಹೋಮ್‌ವರ್ಕಿನಿಂದ ತಲೆ ಎತ್ತದೆ ಒಂದು ಪ್ರಶ್ನೆ ಕೇಳಿದಳು: "ಅಪ್ಪ, ಡಿಸೆಂಬರ್ ರೇಸಲ್ಲಿ ಅಫ್ರೀನ್ ಅಪ್ಪ ಫಸ್ಟ್ ಬರ್ತಾರಂತೆ. ನೀನು ಒಬ್ಬನೇ ಲಾಸ್ಟ್ ಬರ್ತೀಯಾ?"

ಕಡೆಯಲ್ಲಿ ಬರುವುದು ನನಗೆ ಹೊಸದಲ್ಲ. ಆದರೆ 'ಒಬ್ಬನೇ' ಎಂಬ ಆ ಮಾತು ಮೂಳೆಗೆ ತಾಕಿತು. ಅವತ್ತೇ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂಬದಿಯಲ್ಲಿ ನನ್ನ ದಿನಚರಿ ಬರೆದು, ಬೆಳಿಗ್ಗೆ ಐದೂವರೆಯಿಂದ ಆರರವರೆಗಿನ ಅರ್ಧ ಗಂಟೆಗೆ ಕೆಂಪು ಶಾಯಿಯಲ್ಲಿ ಚೌಕ ಹಾಕಿ 'ವ್ಯಾಯಾಮ' ಎಂದು ಬರೆದೆ.

ಆ ಅರ್ಧ ಗಂಟೆಯ ಗತಿ ಏನಾಯಿತೆಂಬುದನ್ನು ಮಕ್ಕಳೊಂದಿಗರು ಊಹಿಸಬಲ್ಲರು. ಸೋಮವಾರ ನಲ್ಲಿಯಲ್ಲಿ ಕಾವೇರಿ ಬಂತು, ಹಿಡಿಯಬೇಕಾಯಿತು. ಮಂಗಳವಾರ ನಯನಾಳ ವಿಜ್ಞಾನದ ಪ್ರಾಜೆಕ್ಟಿಗೆ ಥರ್ಮಾಕೋಲ್ ಕೊಯ್ದೆ. ಬುಧವಾರ ಕಾಯಿ ತುರಿದೆ. ಗುರುವಾರ ನಿಜವಾಗಿಯೂ ಚಾಪೆ ಹಾಸಿ, ಎರಡು ಸಲ ಬಗ್ಗಿ, ಮೂರನೇ ಸಲ ಬಗ್ಗಿದಾಗ ಸೋಫಾದ ಕೆಳಗೆ ಎರಡು ತಿಂಗಳಿಂದ ಕಳೆದುಹೋಗಿದ್ದ ಗ್ಯಾಸ್ ಲೈಟರ್ ಕಂಡಿತು. ಆ ಸಂಭ್ರಮದಲ್ಲಿ ವ್ಯಾಯಾಮ ಮುಗಿಯಿತು. ಶುಕ್ರವಾರ ಶವಾಸನದಿಂದ ಶುರು ಮಾಡಿದೆ. ಎದ್ದಾಗ ಏಳು ಗಂಟೆ. ಕೃಷ್ಣವೇಣಿ ನನ್ನನ್ನು ಸುತ್ತುವರಿದು ನೆಲ ಒರೆಸಿದ್ದಳು. ಅಷ್ಟರಲ್ಲಿ ನೂರುಲ್ಲಾ ಕೆರೆ ಸುತ್ತಿ ಬಂದು, ಗೇಟಿನ ಬಳಿ ನಿಂತು, ಬೇಕೆಂದೇ ನನ್ನ ಬಾಲ್ಕನಿಯ ಕಡೆ ತಿರುಗಿ, ಎರಡೂ ಕೈ ಮೇಲೆತ್ತಿ ಮೈಮುರಿಯುತ್ತಿದ್ದರು. ಅವರಿಗೆ ಪಕ್ಕೆಲುಬುಗಳಿವೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಇನ್ನು ನನ್ನ ಮರೆವಿನ ವಿಷಯ. ಬೆಳಿಗ್ಗೆ ಏಳೂವರೆಗೆ ಮನೆ ಬಿಡಬೇಕಾದ ನಾನು ಕೆಳಗಿಳಿದು ಸ್ಕೂಟರ್ ಹತ್ತಿರ ಹೋದ ಮೇಲೆಯೇ ನನಗೆ ಹೆಲ್ಮೆಟ್ಟಿನ ನೆನಪು ಬರುವುದು. ಮತ್ತೆ ಹತ್ತುವೆ. ಹೆಲ್ಮೆಟ್ ಹಾಕಿಕೊಂಡು ಇಳಿದರೆ ಸ್ಕೂಟರಿನ ಕೀಲಿಕೈ ಮೇಲೆ. ಅದನ್ನು ತಂದರೆ ಊಟದ ಡಬ್ಬಿ. ಅದನ್ನು ತಂದರೆ ಕುತ್ತಿಗೆಗೆ ಹಾಕುವ ಕಾರ್ಖಾನೆಯ ಕಾರ್ಡು. ಬಾಲ್ಕನಿಯಿಂದ ಕೆಳಗೆ ಬಿಡಬಾರದೇ ಎಂದು ನೀವು ಕೇಳಬಹುದು. ಕೃಷ್ಣವೇಣಿ ಒಮ್ಮೆ ಹೆಲ್ಮೆಟ್ ಬಿಟ್ಟಿದ್ದಳು. ಅದು ಮೊದಲನೇ ಮಹಡಿಯ ನಾಗಭೂಷಣ ಅವರ ತುಳಸಿ ಕುಂಡದ ಮೇಲೆ ಬಿತ್ತು. ನಾಗಭೂಷಣ ನಮ್ಮ ರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಆರು ವರ್ಷವಾದರೂ ಒಳಗಿನ ಸುತ್ತೋಲೆಗಳು ಇನ್ನೂ ಖಾಲಿಯಾಗದವರು. ಬಾಲ್ಕನಿಯಿಂದ ವಸ್ತುಗಳನ್ನು ಇಳಿಬಿಡುವುದರ ವಿರುದ್ಧ ಅವರು ಮೆಟ್ಟಿಲ ಬುಡದಲ್ಲಿ ನೋಟೀಸು ಅಂಟಿಸಿದ್ದಾರೆ.

ಹೀಗಾಗಿ ಹತ್ತಲೇಬೇಕು. ಬರಿದೇ ಹತ್ತಿ ಇಳಿದರೂ ಆಗುವುದಿಲ್ಲ. ಹೊರಟವರು ಮರೆತು ಹಿಂದಿರುಗಿದರೆ ನಿಂತ ಕಾಲಲ್ಲೇ ಮತ್ತೆ ಹೊರಡಕೂಡದು, ಒಂದು ಗಳಿಗೆ ಕೂತು ಒಂದು ಲೋಟ ನೀರು ಕುಡಿದು ಹೊರಡಬೇಕು ಎಂಬುದು ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಬಂದ ಶಾಸ್ತ್ರ. ಕೃಷ್ಣವೇಣಿ ಬಾಗಿಲ ಪಕ್ಕ ಒಂದು ಮುಕ್ಕಾಲಿ, ಅದರ ಬಳಿ ತಾಮ್ರದ ಚೆಂಬು-ಲೋಟ ಇಟ್ಟೇ ಇದ್ದಾಳೆ. ಪೂರ್ತಿ ಲೋಟ ಕುಡಿಯುವವರೆಗೂ ಅವಳು ಬಾಗಿಲಿಗೆ ಅಡ್ಡ ನಿಂತಿರುತ್ತಾಳೆ. ದಿನಕ್ಕೆ ನಾಲ್ಕು ಸಲ ಮರೆತರೆ ನಾಲ್ಕು ಲೋಟ. ಆ ನಾಲ್ಕು ಲೋಟವನ್ನು ಹೊಟ್ಟೆಯಲ್ಲಿ ಹೊತ್ತು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಲ್ಲುವವನ ಮನಸ್ಸಿನಲ್ಲಿ ಏನಿರುತ್ತದೆಂದು ಇಲ್ಲಿ ಬರೆಯುವಂತಿಲ್ಲ.

ಅಕ್ಟೋಬರಿನ ಕೊನೆಯ ವಾರ ಒಂದು ಬೆಳಿಗ್ಗೆ ಡಬ್ಬಿ ಹಿಡಿದು ನಾಲ್ಕನೇ ಸಲ ಇಳಿದು ಬಂದಾಗ ನೂರುಲ್ಲಾ ಗೇಟಿಗೆ ಒರಗಿ ನಿಂತಿದ್ದರು. ಎಂದಿನ ನಗು ಇರಲಿಲ್ಲ.

"ನಾಲ್ಕಾಯ್ತಾ ಸೇತು ಸಾರ್?" ಎಂದರು.

ಏನು ನಾಲ್ಕು ಎಂದೆ.

"ಬಿಡಿ ಸಾರ್, ನಮ್ ಹತ್ರ ಯಾಕೆ ಮುಚ್ಚುಮರೆ. ಮನೇಲಿ ಶಹರ್ಬಾನು ಕಿಟಕಿಯಿಂದ ದಿನಾ ಎಣಿಸ್ತಾಳೆ. ಇಳೀತೀರಿ, ಹತ್ತೀರಿ, ಸರಿಯಾಗಿ ಎರಡು ನಿಮಿಷ ಗ್ಯಾಪು, ಮತ್ತೆ ಇಳೀತೀರಿ. ಮೇಲೆ ಆ ಎರಡು ನಿಮಿಷ ಏನ್ ಮಾಡ್ತೀರಿ ಅದೊಂದು ಹೇಳ್ಬಿಡಿ."

ಅವರ ಹೆಂಡತಿ ಶಹರ್ಬಾನು ನನ್ನ ಮರೆವನ್ನು ವ್ಯಾಯಾಮವೆಂದು ಎಣಿಸಿದ್ದಾಳೆ ಎಂಬುದು ಅರ್ಥವಾಗಲು ನನಗೆ ಎರಡು ಕ್ಷಣ ಹಿಡಿಯಿತು. ನಿಜ ಹೇಳಲು ಬಾಯಿ ತೆರೆದವನೇ ಅವರ ಮುಖ ನೋಡಿದೆ. ಆ ಮುಖದಲ್ಲಿ, ನಾಲ್ಕು ತಿಂಗಳಿಂದ ನಾನು ಪ್ರತಿದಿನ ಕನ್ನಡಿಯಲ್ಲಿ ನೋಡುತ್ತಿದ್ದ ಹೊಟ್ಟೆಕಿಚ್ಚೇ ಕಂಡಿತು. ಅದು ಇನ್ನೊಬ್ಬರ ಮುಖದ ಮೇಲೆ ಎಷ್ಟು ಚೆಂದ ಕಾಣುತ್ತದೆಂಬ ಕಲ್ಪನೆಯೂ ನನಗಿರಲಿಲ್ಲ.

"ಕೂತು, ಒಂದು ಲೋಟ ನೀರು ಕುಡೀತೀನಿ" ಎಂದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಒಂದ್ಸಲಕ್ಕೆ ಒಂದು ಲೋಟಾನಾ?"

"ಪೂರ್ತಿ ಲೋಟ. ತಾಮ್ರದ್ದು."

ಅವರು ಕಣ್ಣು ಕಿರಿದು ಮಾಡಿ ತಲೆ ಆಡಿಸಿದರು. ನಾನು ಸ್ಕೂಟರ್ ಹತ್ತಿ, ಐದನೇ ವಸ್ತುವಾದ ಮೊಬೈಲನ್ನು ಮರೆತು, ರಾಜನ ಹಾಗೆ ಪೀಣ್ಯಕ್ಕೆ ಹೋದೆ.

ಕೀರ್ತಿ ಬಂದ ಮೇಲೆ ಅದನ್ನು ಕಾಪಾಡಿಕೊಳ್ಳುವುದು ಕಷ್ಟ. ಮಾರನೆಯ ದಿನದಿಂದ ನಾನು ನೆನಪಿಟ್ಟುಕೊಂಡು ಮರೆಯಬೇಕಾಯಿತು. ಮೊದಲು ಹೆಲ್ಮೆಟ್, ಆಮೇಲೆ ಕೀಲಿಕೈ, ಡಬ್ಬಿ, ಕಾರ್ಡು, ಕೊನೆಗೆ ಮೊಬೈಲು ಎಂದು ಸರದಿ ಮಾಡಿಕೊಂಡೆ. ಇದರಿಂದ ಒಂದು ಎಡವಟ್ಟಾಯಿತು. ಬೇಕೆಂದೇ ಮರೆಯುವ ಐದರ ಮೇಲೆ, ತಾನಾಗಿ ಮರೆಯುವವು ಬೇರೆ ಸೇರಿಕೊಂಡವು. ಕನ್ನಡಕ ಬಿಟ್ಟು ಬಂದೆ. ಒಂದು ದಿನ ಹವಾಯಿ ಚಪ್ಪಲಿಯಲ್ಲೇ ಇಳಿದಿದ್ದೆ. ಏಳು ಸಲ ಹತ್ತಿ ಇಳಿದ ದಿನ ಕೆಳಗಿನ ಕಿಟಕಿಯ ಪರದೆ ಒಂದು ಮೊಳ ಸರಿಯಿತು.

ಆದರೆ ಮೇಲೆ ಕೃಷ್ಣವೇಣಿಯ ಮುಖ ಬಾಡುತ್ತಿತ್ತು. ಮೊದಲು ಹಾಲಿಗೆ ಬಾದಾಮಿ ತೇಯ್ದು ಹಾಕಿದಳು. ಆಮೇಲೆ ಒಂದೆಲಗದ ಚಟ್ನಿ ಬಂತು. ಆಮೇಲೆ ಬಾಗಿಲ ಹಿಂದೆ ಪಟ್ಟಿ ಬಂತು: ಹೆಲ್ಮೆಟ್, ಕೀಲಿಕೈ, ಡಬ್ಬಿ, ಕಾರ್ಡು, ಮೊಬೈಲು, ಕನ್ನಡಕ, ಶೂ. ನಾನು ಪಟ್ಟಿಯನ್ನು ಗಟ್ಟಿಯಾಗಿ ಓದಿ, ಹೆಲ್ಮೆಟ್ ಬಿಟ್ಟು ಹೊರಟಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಶನಿವಾರ ನನ್ನ ಕೈ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದಳು.

ಡಾಕ್ಟರು ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಕೃಷ್ಣವೇಣಿಯ ಮುಖ ನೋಡಿದೆ. ಅವರು ಅದನ್ನು ಬರೆದುಕೊಂಡರು. ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು. ಸ್ಟೋರ್ಸಿನವನಾದ ನನಗೆ ಕಳೆಯುವುದು ಕಷ್ಟವಾಗಲಿಲ್ಲ. ಕೊನೆಗೆ, ನೆನಪಿನ ಶಕ್ತಿಗೆ ಏನೂ ಆಗಿಲ್ಲ, ವ್ಯಾಯಾಮ ಸಾಲದು, ದಿನಾ ಮೆಟ್ಟಿಲು ಹತ್ತಿ ಇಳಿದರೆ ಸಾಕು ಎಂದರು.

"ದಿನಾ ಏಳು ಸಲ ಅದನ್ನೇ ಮಾಡ್ತಾರೆ ಡಾಕ್ಟ್ರೇ" ಎಂದಳು ಕೃಷ್ಣವೇಣಿ. "ಅದೇ ಕಾಯಿಲೆ."

ಅಷ್ಟಾದರೂ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಅದು ಸಂಜೆಯೊಳಗೆ ನೆಲಮಹಡಿ ತಲುಪುತ್ತದೆ, ನೂರುಲ್ಲಾ ಮತ್ತೆ ನಗುತ್ತಾರೆ, ಡಿಸೆಂಬರಿನಲ್ಲಿ ಓಡುವ ಮೊದಲೇ ನಾನು ಒಬ್ಬನೇ ಕೊನೆಯವನಾಗುತ್ತೇನೆ. ಕಾಯಿಲೆಯವನಾಗಿರುವುದೇ ವಾಸಿ ಎನಿಸಿತು.

ಗುಟ್ಟು ರಟ್ಟಾದದ್ದು ತಾರಸಿಯ ಮೇಲೆ. ಭಾನುವಾರ ಬಟ್ಟೆ ಒಣಹಾಕಲು ಹೋದಾಗ ಶಹರ್ಬಾನುವನ್ನು ಕಂಡ ಕೃಷ್ಣವೇಣಿ, ಹೇಳಿಕೊಂಡರೆ ಮನಸ್ಸು ಹಗುರಾದೀತೆಂದು ಮಾತು ತೆಗೆಯುವಷ್ಟರಲ್ಲಿ ಶಹರ್ಬಾನುವೇ ಶುರು ಮಾಡಿದಳಂತೆ. ಎಂಥ ಗಂಡ ನಿಮಗೆ, ಎಷ್ಟು ಶಿಸ್ತು, ಕೆಲಸದ ನಡುವೆಯೂ ಬೇರೆ ಹೊತ್ತು ಕೇಳದೆ ಆಫೀಸಿಗೆ ಹೊರಡುವ ಹೊತ್ತಲ್ಲೇ ಎಲ್ಲ ಮುಗಿಸುತ್ತಾರೆ, ನಮ್ಮವರು ಒಂದು ಗಂಟೆ ಊರು ಸುತ್ತಿ ಬಂದು ಒಂದು ಗಂಟೆ ಕಾಲು ಒತ್ತಿಸಿಕೊಳ್ಳುತ್ತಾರೆ ಎಂದು. ನನ್ನ ಹೆಂಡತಿಗೆ ಮೊದಲು ತಲೆ ಬುಡ ತಿಳಿಯಲಿಲ್ಲವಂತೆ. ತಿಳಿದ ಮೇಲೆ ಕೈಯಲ್ಲಿದ್ದ ನನ್ನ ಬನಿಯನನ್ನು ಎರಡು ಸಲ ಜೋರಾಗಿ ಕೊಡವಿ, "ಹೌದು ಶಹರ್ಬಾನು, ಮೊದ್ಲಿಂದ್ಲೂ ಅವ್ರು ಹಾಗೇ. ಡಾಕ್ಟ್ರು ಕೂಡ ಅದೇ ಹೇಳಿದ್ರು" ಎಂದಳಂತೆ.

ಕೆಳಗೆ ಬಂದವಳು ಬಕೆಟ್ ಇಟ್ಟು ನನ್ನ ಮುಂದೆ ನಿಂತಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬಾದಾಮಿ ನಿಲ್ಲುತ್ತದೆಂದು ಗೊತ್ತಿತ್ತು. ಇನ್ನೇನು ಕಾದಿದೆಯೋ ಎಂದು ತಲೆ ಬಗ್ಗಿಸಿದೆ.

"ನಾಲ್ಕು ತಿಂಗ್ಳು ಅವ್ಳ ಗಂಡನ ಪ್ಯಾಂಟಿನ ಕಥೆ ಕೇಳಿದ್ದೀನಿ ನಾನು" ಎಂದಳು ಕೃಷ್ಣವೇಣಿ, ತಣ್ಣಗೆ. "ಇವತ್ತು ಮೊದಲ್ನೇ ಸಲ ಅವ್ಳು ನಮ್ಮನೆ ಬಗ್ಗೆ ಹೊಟ್ಟೆ ಉರ್ಕೊಂಡ್ಳು. ಇದನ್ನ ನೀವು ಬಿಟ್ರೆ ನೋಡಿ."

ಮಾರನೆಯ ದಿನದಿಂದ ನನ್ನ ಮರೆವು ಅವಳ ಆಡಳಿತಕ್ಕೆ ಒಳಪಟ್ಟಿತು. ಹೆಲ್ಮೆಟ್ಟು ಕೇಳಿದರೆ, ಅದು ಎರಡನೇ ಸಲಕ್ಕೆ ಎನ್ನುವಳು. ಡಬ್ಬಿ ಐದನೇ ಸಲಕ್ಕೆ ಮೊದಲು ಸಿಗದು. ಒಂದು ದಿನ ಸುಸ್ತಾಗಿ ಡಬ್ಬಿ ಬೇಡವೆಂದು ಹೊರಟುಬಿಟ್ಟೆ. ಅವತ್ತು ಪೀಣ್ಯದಲ್ಲಿ ಮಧ್ಯಾಹ್ನ ಬಾಳೆಹಣ್ಣು ತಿಂದೆ. ಸಂಜೆ ಅವಳು ಆ ಡಬ್ಬಿಯನ್ನೇ ಬಿಸಿ ಮಾಡಿ ಬಡಿಸಿದಳು.

ಕೆಳಗಿನಿಂದಲೂ ಸುದ್ದಿಗಳು ಬರುತ್ತಿದ್ದವು. ನೂರುಲ್ಲಾ ಕೆರೆಯ ಸುತ್ತು ಹೆಚ್ಚಿಸಿದ್ದಾರೆ. ಸುತ್ತಿಗೊಂದರಂತೆ ಪೂರ್ತಿ ಲೋಟ ನೀರು ಕುಡಿಯುತ್ತಾರೆ. ಬೆಳಿಗ್ಗೆ ಅಂಗಡಿಗೆ ಬಂದ ಗಿರಾಕಿಗಳ ಕಣ್ಣಿಗೆ ಗಾಜು ಇಟ್ಟು, ಅಕ್ಷರ ಓದಲು ಹೇಳಿ, ಓದಿ ಮುಗಿಯುವಷ್ಟರಲ್ಲಿ ಮಾಯವಾಗಿರುತ್ತಾರೆ. ಇದನ್ನು ಕೇಳಿ ನನಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೂ ಒಂದು ಬಗೆಯ ಶಾಂತಿ ಸಿಗತೊಡಗಿತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ನಾಗಭೂಷಣ ಅವರ ಮನೆಯ ಬಾಗಿಲು ಮೆಟ್ಟಿಲಿಗೇ ತೆರೆದುಕೊಳ್ಳುತ್ತದೆ. ಅವರು ಒಂದು ಸಂಜೆ ಟಿಪ್ಪಣಿ ಪುಸ್ತಕ ಹಿಡಿದು ಮೇಲೆ ಬಂದರು. ಮೆಟ್ಟಿಲು ಎಷ್ಟು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಇಳಿದು ಹತ್ತಿ ಎಣಿಸಿ, ಐವತ್ತನಾಲ್ಕು ಎಂದು ಬರೆದುಕೊಂಡರು. ಮುಕ್ಕಾಲಿಯ ಎತ್ತರ ಅಳೆದರು. ಲೋಟ ತಾಮ್ರದ್ದೇ ಯಾಕೆ ಎಂದರು. ಮೊದಲಿಂದ ಅಲ್ಲೇ ಇದೆ ಎಂದೆ. 'ಪಾರಂಪರಿಕ' ಎಂದು ಬರೆದುಕೊಂಡರು. ಹೊರಡುವ ಮೊದಲು ದನಿ ತಗ್ಗಿಸಿ, "ಸೇತುರಾಮ್, ಇದನ್ನ ನೀವೊಬ್ರೇ ಇಟ್ಕೊಂಡು ಕೂತಿದ್ದು ನನಗೆ ಸರಿ ಕಾಣಲಿಲ್ಲ" ಎಂದರು.

ಮಾರನೆಯ ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸುತ್ತೋಲೆ ಬಂತು. 'ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಕಾರ್ಯಬಾಹುಳ್ಯದ ನಡುವೆ ವ್ಯಾಯಾಮಕ್ಕೆ ಸಮಯವಿಲ್ಲವೆಂಬ ನೆಪವು ಇನ್ನು ಮುಂದೆ ಮಾನ್ಯವಾಗತಕ್ಕದ್ದಲ್ಲ' ಎಂದು ಶುರುವಾಗಿ, 'ಸೇತುರಾಮ ಪದ್ಧತಿ' ಎಂಬ ತಲೆಬರಹದಡಿ ಹತ್ತುವುದು, ಕೂರುವುದು, ಕುಡಿಯುವುದು, ಇಳಿಯುವುದು ಎಂದು ನಾಲ್ಕು ಹಂತಗಳನ್ನು ವಿವರಿಸಿತ್ತು. ವಾರದೊಳಗೆ ಎದುರು ಕಟ್ಟಡದ ಮೂವರು ತಾಮ್ರದ ಲೋಟ ತಂದರು. ಬೆಳಿಗ್ಗೆ ಏಳಕ್ಕೆ ನಮ್ಮ ರಸ್ತೆಯ ಮೆಟ್ಟಿಲುಗಳೆಲ್ಲ ದಡದಡ ಎನ್ನತೊಡಗಿದವು. ಮೇಲೇರಿದವರಿಗೆ ಕೂರಲು ಮುಕ್ಕಾಲಿ ಬೇಕಲ್ಲ. ನಾಗಭೂಷಣ ನೇರ ನಮ್ಮ ಮನೆಗೇ ಬಂದು, ನನ್ನ ಮುಕ್ಕಾಲಿಯ ಮೇಲೆ ಕೂತು, ನನ್ನ ಲೋಟದಲ್ಲಿ ಕುಡಿದು ಇಳಿಯುತ್ತಿದ್ದರು. ಅವರು ಎದ್ದು ಹೋಗುವವರೆಗೆ ನಾನು ಹೆಲ್ಮೆಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು.

ನಯನಾಳಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಶಾಲೆಯಲ್ಲಿ ಅಫ್ರೀನ್ ತನ್ನ ಪಕ್ಕ ಕೂರುವುದನ್ನೇ ಬಿಟ್ಟಿದ್ದಾಳೆ ಎಂದು ಖುಷಿಯಿಂದ ಹೇಳಿದಳು. "ಅಪ್ಪ, ನೀನು ಫಸ್ಟ್ ಬಾ ಅಂತ ನಾನು ಹೇಳ್ತಿಲ್ಲ" ಎಂದಳು ಕ್ರೀಡಾದಿನದ ಹಿಂದಿನ ಸಂಜೆ. "ಅಫ್ರೀನ್ ಅಪ್ಪನಿಗಿಂತ ಮುಂದೆ ಬಾ. ಅಷ್ಟು ಸಾಕು."

ಡಿಸೆಂಬರಿನ ಆ ಶನಿವಾರ ಕೃಷ್ಣವೇಣಿ, ನಯನಾ ಬೆಳಿಗ್ಗೆಯೇ ಶಾಲೆಗೆ ಹೋದರು. ಕೊನೆಗೆ ಮನೆ ಬಿಟ್ಟವನು ನಾನು. ನೂರುಲ್ಲಾ ಹೊಸ ನೀಲಿ ಶೂ ಹಾಕಿ ಬಂದಿದ್ದರು. ನಾವಿಬ್ಬರೂ 'ನಮಸ್ಕಾರ' ಎಂದೆವು. ಹನ್ನೆರಡು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ನಮಸ್ಕಾರ ಹೇಳಿದ್ದು ಅದೇ ಮೊದಲು. ಅಧ್ಯಕ್ಷರಾದ ನಾಗಭೂಷಣ ಮುಖ್ಯ ಅತಿಥಿಗಳು. ಗೇಟಿನ ಪಕ್ಕದಲ್ಲಿ ಗುರಿಯ ಕೆಂಪು ರಿಬ್ಬನ್ನಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಪಿ.ಟಿ. ಮೇಷ್ಟ್ರ ಕೈಯಲ್ಲಿ. ಮೈದಾನದ ಒಂದು ಪೂರ್ತಿ ಸುತ್ತು ಓಡಬೇಕು.

ಸೀಟಿ ಊದಿದರು. ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ, ನಾನಂತೂ ಮೊದಲೇ ಇಲ್ಲ. ಎರಡು ತಿಂಗಳು ದಿನಕ್ಕೆ ಏಳು ಸಲ ಐವತ್ತನಾಲ್ಕು ಮೆಟ್ಟಿಲು ಹತ್ತಿದ ಕಾಲುಗಳು ನನ್ನನ್ನು ಕೇಳದೆಯೇ ಓಡಿದವು. ಕಾಲು ಸುತ್ತಿನಲ್ಲಿ ಹನ್ನೊಂದು ಮಂದಿ ಹಿಂದೆ ಬಿದ್ದರು. ಅರ್ಧ ಸುತ್ತಿನಲ್ಲಿ ಮುಂದೆ ಇದ್ದದ್ದು ನೀಲಿ ಶೂ ಮಾತ್ರ. ಆ ಶೂಗಳನ್ನೇ ನೋಡುತ್ತ, ಹಲ್ಲು ಕಚ್ಚಿ, ಐದು ಮಾರು ಅಂತರವನ್ನು ಮೂರಕ್ಕೆ ಇಳಿಸಿದ್ದೆ. ಅಷ್ಟರಲ್ಲಿ ನೆನಪಾಯಿತು.

ಹಾಲು.

ಹೊರಡುವ ಮೊದಲು ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಇಟ್ಟಿದ್ದೆ. ಇಳಿಸಲಿಲ್ಲ. ಹಾಲು ಉಕ್ಕಿ, ಪಾತ್ರೆ ಸೀದು, ಪಕ್ಕದ ಒರಸುಬಟ್ಟೆಗೆ ಬೆಂಕಿ ತಾಗಿ, ಕಿಟಕಿ ಪರದೆ, ಸಿಲಿಂಡರು, ಐವತ್ತನಾಲ್ಕು ಮೆಟ್ಟಿಲು, ಎಲ್ಲವೂ ಒಂದೇ ಗಳಿಗೆಯಲ್ಲಿ ಕಣ್ಣ ಮುಂದೆ ಉರಿದವು. ಆಮೇಲೆ ನಾನು ಓಟದಲ್ಲಿ ಇರಲಿಲ್ಲ, ಮನೆಗೆ ಹೋಗುತ್ತಿದ್ದೆ. ನೀಲಿ ಶೂ ಯಾವಾಗ ಹಿಂದಾಯಿತೋ ತಿಳಿಯದು. ಎದುರಿಗೆ ಗೇಟು ಕಾಣುತ್ತಿತ್ತು, ಗೇಟಿಗೆ ಅಡ್ಡವಾಗಿ ಏನೋ ಕೆಂಪಗೆ ಕಟ್ಟಿತ್ತು. ಅದನ್ನು ಎದೆಯಿಂದ ನೂಕಿಕೊಂಡೇ ಹೊರಗೆ ಹೋದೆ. ನಾಗಭೂಷಣ ತಮ್ಮ ತುದಿಯನ್ನು ಬಿಡಬೇಕೆಂಬುದನ್ನು ತಿಳಿಯುವ ಮೊದಲು ನಾಲ್ಕು ಹೆಜ್ಜೆ ನನ್ನ ಜೊತೆ ಓಡಿ ಬಂದರಂತೆ.

ರಸ್ತೆಯಲ್ಲಿ ಎಳನೀರಿನವನು ಕತ್ತಿ ಎತ್ತಿದವನು ಎತ್ತಿದ ಹಾಗೇ ನಿಂತ. ಎದೆಗೆ ಕೆಂಪು ರಿಬ್ಬನ್ ಸುತ್ತಿಕೊಂಡ ಒಬ್ಬ ನಡುವಯಸ್ಸಿನವನು ಓಡುತ್ತಿದ್ದಾನೆ, ಅವನ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ನೀಲಿ ಶೂವಿನ ಇನ್ನೊಬ್ಬ. ಹೌದು, ನೂರುಲ್ಲಾ. ನಾನು ಗೆರೆ ದಾಟಿಯೂ ನಿಲ್ಲದ್ದನ್ನು ಕಂಡು, ಈ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೋ ಅಲ್ಲಿಯವರೆಗೂ ಬಿಡಕೂಡದು ಎಂದು ಅವರೂ ನಿಲ್ಲಲಿಲ್ಲ.

ಮೂರು ಮಹಡಿ ಹತ್ತಿದೆ, ಬೀಗ ತೆಗೆದೆ, ಅಡುಗೆಮನೆಗೆ ನುಗ್ಗಿದೆ. ಒಲೆಯ ಮೇಲೆ ಪಾತ್ರೆ ಇತ್ತು. ಪಾತ್ರೆಯಲ್ಲಿ ಹಾಲಿತ್ತು. ಮುಟ್ಟಿ ನೋಡಿದೆ, ತಣ್ಣಗಿತ್ತು. ನಾನು ಒಲೆ ಹಚ್ಚುವುದನ್ನೇ ಮರೆತಿದ್ದೆ.

ಬಾಗಿಲ ಬಳಿ ಬಂದು ಮುಕ್ಕಾಲಿಯ ಮೇಲೆ ಕುಸಿದೆ. ನೂರುಲ್ಲಾ ಏದುಸಿರು ಬಿಡುತ್ತ ಹತ್ತಿ ಬಂದು ಹೊಸ್ತಿಲ ಮೇಲೆ ಕುಸಿದರು. ನಾನು ಒಂದು ಲೋಟ ನೀರು ಅವರಿಗೆ ಕೊಟ್ಟೆ.

"ಸೇತು ಸಾರ್" ಎಂದರು ಕೊನೆಗೆ. "ರೇಸ್ ಅಲ್ಲೇ ಮುಗಿದಿತ್ತಲ್ಲ?"

ಹಾಲಿನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಡಬ್ಬಿಯದೂ ಬಂತು, ಹೆಲ್ಮೆಟ್ಟಿನದೂ ಬಂತು, ಅತ್ತೆಯ ಕಾಲದ ಶಾಸ್ತ್ರವೂ ಬಂತು. ಹತ್ತಿ ಇಳಿದದ್ದು ಒಂದು ದಿನವೂ ವ್ಯಾಯಾಮವಾಗಿರಲಿಲ್ಲ ಭಾಯಿ, ಬರೀ ಮರೆವು ಎಂದೆ. ಎರಡು ತಿಂಗಳು ಹೊತ್ತ ಭಾರ ಇಳಿದಂತಾಯಿತು. ಅವರು ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. ಲೋಟವನ್ನೇ ನೋಡುತ್ತ ಕೂತರು.

"ಜೂನಲ್ಲಿ ಸ್ಕೂಲ್ ಶುರುವಾಯ್ತಲ್ಲ ಸಾರ್, ಆಗ್ಲೇ ಶಹರ್ಬಾನು ಎಣಿಸೋಕೆ ಶುರು ಮಾಡಿದ್ದು. ಮೇಲಿನ ಸೇತು ಭಾಯಿ ಇವತ್ತು ಮೂರು ಸಲ ಹತ್ತಿದ್ರು, ಇವತ್ತು ನಾಲ್ಕು, ನೀವು ನೋಡಿದ್ರೆ ಅಂಗ್ಡೀಲಿ ಕೂತು ಕೂತು ಮೂಟೆ ಆಗಿದ್ದೀರಿ ಅಂತ. ಊಟಕ್ಕೆ ಕೂತ್ರೂ ಅದೇ, ಮಲಗಿದ್ರೂ ಅದೇ. ತಡೆಯಕ್ಕಾಗ್ದೆ ನಾನು ಕೆರೆ ಕಡೆ ನಡೆದೆ. ಆರು ತಿಂಗಳು. ಚಳೀಲಿ, ಮಳೇಲಿ. ನಿಮ್ಮ ಡಬ್ಬಿ ಹಿಂದೆ."

ನಾನು ಜೂನ್‌ನಿಂದ ಯಾರ ಮೇಲೆ ಹೊಟ್ಟೆ ಉರಿದುಕೊಂಡೆನೋ ಆ ಮನುಷ್ಯನನ್ನು ತಯಾರು ಮಾಡಿದವನು ನಾನೇ ಎಂದಾಯಿತು. ಇನ್ನೊಂದು ಲೋಟ ಬೇಕಾ ಎಂದೆ.

"ಕೊಡಿ" ಎಂದರು. ಕುಡಿದು, "ಇದು ಶಹರ್ಬಾನುಗೆ ಗೊತ್ತಾಗ್ಬಾರ್ದು" ಎಂದರು. ಕೃಷ್ಣವೇಣಿಯೂ ಗೊತ್ತಾಗಲು ಬಿಡುವುದಿಲ್ಲ ಎಂದು ಭರವಸೆ ಕೊಟ್ಟೆ. ಎದ್ದು ಹೊರಟವರು ಎರಡು ಮೆಟ್ಟಿಲಿಳಿದು ತಿರುಗಿದರು. "ಆದ್ರೆ ಒಂದು ಮಾತು ಸಾರ್. ನೀವು ಓಡಿದ್ದು ಹಾಲಿಗೆ. ರೇಸಿಗೆ ಅಂತ ಓಡಿದ್ದು ನಾನು. ಹಂಗೆ ನೋಡಿದ್ರೆ ಫಸ್ಟು ನಾನೇ."

ಹಾಗೆ ನೋಡಲು ನಾನು ಒಪ್ಪಲಿಲ್ಲ. ಶಾಲೆಯವರೂ ಒಪ್ಪಲಿಲ್ಲ. ಗೆದ್ದವರಿಬ್ಬರೂ ಮೈದಾನದಲ್ಲಿ ಇಲ್ಲದ್ದರಿಂದ ಮಕ್ಕಳೇ ವೇದಿಕೆ ಹತ್ತಿ ಬಹುಮಾನ ತಂದರು. ಅಫ್ರೀನ್ ತಂದ ಎರಡನೇ ಬಹುಮಾನ ನೀರಿನ ಬಾಟಲಿ. ನಯನಾ ತಂದ ಮೊದಲನೇ ಬಹುಮಾನ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಸಂಜೆ ಇಬ್ಬರೂ ಒಂದೇ ಐಸ್‌ಕ್ರೀಮನ್ನು ಎರಡು ಚಮಚದಲ್ಲಿ ತಿನ್ನುತ್ತಿದ್ದುದನ್ನು ಬಾಲ್ಕನಿಯಿಂದ ನೋಡಿದೆ.

ಸೋಮವಾರ ಇನ್ನು ಈ ಗೋಜು ಬೇಡವೆಂದು ಪಟ್ಟಿ ಓದಿ, ಎಲ್ಲವನ್ನೂ ತೆಗೆದುಕೊಂಡು ಇಳಿದೆ. ಸ್ಕೂಟರ್ ಹತ್ತಿರ ಹೋದ ಮೇಲೆ ನೋಡಿಕೊಂಡರೆ ಬಹುಮಾನದ ಹೊಸ ಡಬ್ಬಿ ಇರಲಿಲ್ಲ. ಇದು ಬೇಕೆಂದು ಮರೆತದ್ದಲ್ಲ, ದೇವರಾಣೆ. ಕೆಳಗಿನ ಕಿಟಕಿಯ ಪರದೆ ಸರಿಯಿತು. ನಾನು ಹತ್ತತೊಡಗಿದೆ. ಒಂದನೇ ಮಹಡಿ ದಾಟುವಾಗ ಹಿಂದೆ ಹೆಜ್ಜೆ ಸದ್ದು ಕೇಳಿತು, ನೂರುಲ್ಲಾ ಬರುತ್ತಿದ್ದರು.

ನೆಲಮಹಡಿಯವರಿಗೆ ಮೇಲೇನು ಕೆಲಸ ಎಂದು ಕೇಳಿದೆ.

"ನಿನ್ನೆ ಟೀ ಕುಡಿಯೋಕೆ ಬಂದಿದ್ನಲ್ಲ ಸಾರ್, ಅಂಗಡಿ ಬೀಗದ ಕೈ ನಿಮ್ಮನೇಲೇ ಮರೆತೆ" ಎಂದರು, ನನ್ನ ಮುಖ ನೋಡದೆ. "ಕನ್ನಡಕದ ಡಬ್ಬಿ, ಕರ್ಚೀಫು ಕೂಡ ಅಲ್ಲೇ ಇರ್ಬೇಕು. ಒಂದೊಂದಾಗಿ ತಗೊಂಡು ಹೋಗ್ತೀನಿ."

ಮೇಲೆ ಬಾಗಿಲಿಗೆ ಅಡ್ಡವಾಗಿ ಕೃಷ್ಣವೇಣಿ ನಿಂತಿದ್ದಳು. ಒಂದು ಕೈಯಲ್ಲಿ ತಾಮ್ರದ ಲೋಟ ಇತ್ತು, ಇನ್ನೊಂದು ಕೈಯಲ್ಲಿ ಸ್ಟೀಲಿನದು. ಮುಕ್ಕಾಲಿ ಒಂದೇ ಇತ್ತು. ನಾವಿಬ್ಬರೂ ಅದರ ಕಡೆಗೆ ಓಡಿದೆವು.